ಮೊದಲು ಅವರ ಮನೆಯಲ್ಲಿ ಊಟ ಮಾಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ನಮ್ಮದಲ್ಲದ ಊರಲ್ಲಿ, ನಮ್ಮದಲ್ಲದ ಭಾಷೆಯವರ ನಡುವೆ ಕ್ರಿಸ್ತನ ವಿಷಯ ಹೇಳುವುದು ಹೇಗೆ? ಹೇಳಬೇಕಾ? ಎಲ್ಲಿ ಸುಮ್ಮನಿರಬೇಕು? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಇಡೀ ಜಾಗವನ್ನು ಇವಕ್ಕೇ ಕೊಡುತ್ತಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಉಡುಪಿ ಕಡೆಯವಳು. ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದ ಪಕ್ಕದ ಹಾಸ್ಟೆಲ್‌ನಲ್ಲಿ ಒಂಬತ್ತು ವರ್ಷ ಟೀಚರ್ ಆಗಿದ್ದೆ. ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅಲ್ಲಿ ಕಲಿತದ್ದು.

ಪ್ರಶ್ನೆ: ನಾನು ನರ್ಸ್, ತುಮಕೂರು ಜಿಲ್ಲೆಯ ಹಳ್ಳಿಯವಳು, ವಯಸ್ಸು 26. ಒಡಿಶಾದ ಕೋರಾಪುಟ್ ಕಡೆಯ ಒಂದು ಮಿಷನ್ ಆಸ್ಪತ್ರೆಗೆ ಸೇವೆಗೆ ಹೋಗುತ್ತಿದ್ದೇನೆ. ಅಲ್ಲಿ ಆದಿವಾಸಿ ಜನ ಜಾಸ್ತಿ. ಆರು ತಿಂಗಳಲ್ಲಿ ಭಾಷೆ ಕಲಿತು ಸುವಾರ್ತೆ ಹೇಳಲು ಶುರು ಮಾಡಬೇಕು ಅಂತ ಆಸೆ. ಯಾವ ಪುಸ್ತಕ, ಯಾವ ಚಿತ್ರಗಳನ್ನು ತೆಗೆದುಕೊಂಡು ಹೋಗಲಿ?

ಉತ್ತರ: ನಿಮ್ಮ ಬೈಬಲ್ ತೆಗೆದುಕೊಂಡು ಹೋಗಿ ತಂಗಿ, ಜೊತೆಗೆ ಒಂದು ಖಾಲಿ ನೋಟ್‌ಬುಕ್. ಚಿತ್ರಗಳು ಬೇಡ. ನಾನು ತಾಂಡಾಕ್ಕೆ ಹೋಗುವಾಗ ಒಂದು ಟ್ರಂಕ್ ತುಂಬ ಚಿತ್ರ ಒಯ್ದಿದ್ದೆ, ಅದರಲ್ಲಿ ಯೇಸುಸ್ವಾಮಿಗೆ ಬಿಳಿ ಮೈ, ಚಿನ್ನದ ಬಣ್ಣದ ಕೂದಲು. ಮಕ್ಕಳು ನೋಡಿ ಕೇಳಿದ ಮೊದಲ ಪ್ರಶ್ನೆ, "ಇವರು ಯಾವ ದೇಶದ ಸಾಹೇಬರು?" ಆ ಸಾಹೇಬ ಅನ್ನುವ ಮಾತನ್ನು ಅವರ ಮನಸ್ಸಿನಿಂದ ತೆಗೆಯಲು ನನಗೆ ಎರಡು ವರ್ಷ ಬೇಕಾಯಿತು.

ಇನ್ನು ಆರು ತಿಂಗಳ ಮಾತು. ಮಿಷನರಿ ಫರ್ಡಿನಾಂಡ್ ಕಿಟೆಲ್ ಜರ್ಮನಿಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ ನಿಘಂಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆ ಮಂಗಳೂರಿನಲ್ಲಿ ನಡೆಸುತ್ತಿದ್ದ ಪ್ರೆಸ್ಸಿನಿಂದ ಹೊರಬಂದದ್ದು 1894ರಲ್ಲಿ. ಮಧ್ಯೆ 41 ವರ್ಷ. ಸುಮಾರು 70 ಸಾವಿರ ಪದಗಳು. ಆ ಪದಗಳನ್ನು ಅವರಿಗೆ ಕೊಟ್ಟವರು ಯಾರು? ಇಲ್ಲಿನ ಪಂಡಿತರು, ಇಲ್ಲಿನ ಹಳೆಯ ಕಾವ್ಯಗಳು, ಇಲ್ಲಿ ಮಾತಾಡುವ ಜನ. ಕಲಿಸಲು ಬಂದ ಮನುಷ್ಯ ಬದುಕಿನ ಹೆಚ್ಚಿನ ಭಾಗ ಕಲಿಯುತ್ತಲೇ ಕಳೆದರು. ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ 1862ರಲ್ಲಿ ಕಥಾಮಾಲೆ ಅಂತ ತಂದರಲ್ಲ, ಅದು ಆ ಕಲಿಕೆಯ ಫಲ. ನೀವು ನಿಘಂಟು ಬರೆಯಬೇಕಾಗಿಲ್ಲ. ಆದರೆ ಆರು ತಿಂಗಳು ಅನ್ನುವ ಲೆಕ್ಕವನ್ನು ಇಲ್ಲೇ ಬಿಟ್ಟು ಹೋಗಿ.

ಕೋರಾಪುಟ್ ಕಡೆ ಸಂತೆಯಲ್ಲಿ ಎಲ್ಲರಿಗೂ ಬರುವ ಭಾಷೆ ದೇಶಿಯಾ, ಒಡಿಯಾದ ಹತ್ತಿರದ್ದು. ಆದರೆ ಮನೆಯೊಳಗೆ ಒಬ್ಬರು ಕುವಿ ಮಾತಾಡುತ್ತಾರೆ, ಇನ್ನೊಬ್ಬರು ಗದಬ, ಮತ್ತೊಬ್ಬರು ಬೇರೆ. ಆಸ್ಪತ್ರೆ ಕೆಲಸಕ್ಕೆ ದೇಶಿಯಾ ಸಾಕಾಗಬಹುದು. "ಎಲ್ಲಿ ನೋವು, ಎಷ್ಟು ದಿನ ಆಯ್ತು" ಅಂತ ಕೇಳಬಹುದು. ಆದರೆ ಹೆರಿಗೆ ನೋವಿನಲ್ಲಿ ಆ ಹೆಂಗಸು ಕೂಗುವುದು ಮನೆಯ ಭಾಷೆಯಲ್ಲಿ. ಮಗು ಸತ್ತರೆ ಅಳುವುದೂ ಅದರಲ್ಲೇ. ನೀವು ಹೇಳಬೇಕು ಅಂತಿರುವ ವಿಷಯ ತಲುಪಬೇಕಾದ ಜಾಗ ಅದು. ಕುವಿ ನಮ್ಮ ಕನ್ನಡದ ಕುಟುಂಬದ್ದೇ, ದ್ರಾವಿಡ ಭಾಷೆ. ಕಣ್ಣಿಗೆ ಅವರು ಹೇಳುವ ಮಾತು ನಮ್ಮ ಕಣ್ಣಿನ ತೀರಾ ಹತ್ತಿರ ಇದೆ. ಇಂಥ ಒಂದೊಂದು ಪದ ಸಿಕ್ಕಾಗಲೂ ಆ ಖಾಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಪದ ಕೊಟ್ಟವರ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಯಾರು ಯಾವ ಪದ ಕೊಟ್ಟರು ಅನ್ನುವುದು ನೆನಪಿರಬೇಕು.

ಇನ್ನೊಂದು ಸಂತೋಷದ ವಿಷಯ. ಅಲ್ಲಿನ ಜನ ರಾಗಿಯ ಗಂಜಿ ಕುಡಿಯುತ್ತಾರೆ, ಮಂಡಿಯಾ ಪೇಜ್ ಅನ್ನುತ್ತಾರೆ. ಮಂಡಿಯಾ ಅಂದರೆ ರಾಗಿ. ತುಮಕೂರಿನವಳಿಗೆ ಅಂಬಲಿ ಹೊಸದಲ್ಲ, ಅಲ್ವಾ? ರಾಗಿ ಉಂಡು ಬೆಳೆದವಳು ರಾಗಿ ಕುಡಿಯುವವರ ಮನೆಗೆ ಹೋಗುತ್ತಿದ್ದೀರಿ. ಅವರು ಕೊಟ್ಟಾಗ ಕೂತು ಕುಡಿಯಿರಿ. ನಿಂತುಕೊಂಡು ಅಲ್ಲ, "ಆಸ್ಪತ್ರೆಯಲ್ಲಿ ಊಟ ಆಯ್ತು" ಅಂತ ಹೇಳಿ ತಪ್ಪಿಸಿಕೊಂಡೂ ಅಲ್ಲ. ಲೂಕನ ಸುವಾರ್ತೆ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಕಳಿಸುವಾಗ ಹೇಳಿದ ಕ್ರಮ ನೋಡಿ. ಮನೆಯೊಳಗೆ ಹೋಗಿ, ಸಮಾಧಾನ ಹೇಳಿ, ಅದೇ ಮನೆಯಲ್ಲಿ ಇರಿ, ಅವರು ಬಡಿಸಿದ್ದನ್ನು ಉಣ್ಣಿ. ಆಮೇಲೆ ರೋಗಿಗಳನ್ನು ವಾಸಿಮಾಡಿ, ಆಮೇಲೆ ದೇವರ ರಾಜ್ಯದ ಮಾತು ಹೇಳಿ. ಊಟ ಮೊದಲು ಬರುತ್ತದೆ. ನಾವು ಇದನ್ನು ಎಷ್ಟು ಸಲ ಓದಿದ್ದೇವೆ, ಆದರೂ ತಲೆಕೆಳಗು ಮಾಡುತ್ತೇವೆ.

ನನ್ನ ಅನುಭವ ಹೇಳುತ್ತೇನೆ. ಯೋಹಾನನ ಸುವಾರ್ತೆಯ "ಜೀವಕೊಡುವ ರೊಟ್ಟಿ ನಾನೇ" ಅನ್ನುವ ಮಾತನ್ನು ನಾನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವಳು. ಆದರೆ ನಮ್ಮ ಕರಾವಳಿಯಲ್ಲಿ ನಾವು ಅನ್ನ ತಿನ್ನುವವರು. ರೊಟ್ಟಿ ಅಂದರೆ ಕೋರಿ ರೊಟ್ಟಿ, ನೆಂಟರು ಬಂದಾಗ ಮಾಡುವುದು. ಹಾಗಾಗಿ ಆ ವಚನ ನನಗೆ ಯಾವತ್ತೂ ಹೊಟ್ಟೆಗೆ ಇಳಿದಿರಲಿಲ್ಲ. ತಾಂಡಾದಲ್ಲಿ ಒಬ್ಬ ಅಜ್ಜಿ ಇದ್ದಳು. ಸಂಜೆ ಆಕೆಯ ಒಲೆಯ ಮುಂದೆ ಕೂತಿದ್ದೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಉಂಡೆ ಮಾಡಿ, ಎರಡೂ ಕೈಯಲ್ಲಿ ತಟ್ಟಿ ತಟ್ಟಿ ಅಗಲ ಮಾಡಿ, ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. ಉಬ್ಬಿದ ರೊಟ್ಟಿಯನ್ನು ನನ್ನ ಕೈಗೇ ಕೊಟ್ಟಳು, ಮೇಲೆ ಒಂದು ಚಿಟಿಕೆ ಖಾರ. ಲಂಬಾಣಿ ಮಾತಿನಲ್ಲಿ ರೊಟ್ಟಿಗೆ ಬಾಟಿ ಅನ್ನುತ್ತಾರೆ. ಆ ವರ್ಷ ಮಳೆ ಕೈಕೊಟ್ಟಿತ್ತು. ಮನೆಯಲ್ಲಿ ಇದ್ದದ್ದು ಎಷ್ಟು ಅಂತ ನನಗೆ ಕಾಣುತ್ತಿತ್ತು, ಹಿಟ್ಟಿನ ಡಬ್ಬಿ ಬಾಯಿ ತೆರೆದು ಪಕ್ಕದಲ್ಲೇ ಇತ್ತು. "ಬಾಟಿ ಇದ್ದರೆ ಜೀವ ಇದೆ ಟೀಚರ್" ಅಂದಳು, ಸುಮ್ನೆ, ಮಾತಿಗೆ. ಆಕೆಗೆ ಯೋಹಾನನೂ ಗೊತ್ತಿಲ್ಲ, ಆ ವಚನವೂ ಗೊತ್ತಿಲ್ಲ. ಆ ರಾತ್ರಿ ಹಾಸ್ಟೆಲ್‌ಗೆ ಬಂದು ಆ ಅಧ್ಯಾಯ ಮತ್ತೆ ಓದಿದಾಗ ಕಣ್ಣಲ್ಲಿ ನೀರು ಬಂತು. ನನ್ನ ಬೈಬಲ್ಲಿನ ಅರ್ಥವನ್ನು ನನಗೆ ಕಲಿಸಿದ್ದು ಬೈಬಲ್ ಓದದ ಒಬ್ಬ ಅಜ್ಜಿ.

ಅದಕ್ಕೇ ಹೇಳುತ್ತೇನೆ, ನೀವು ಹೋಗುತ್ತಿರುವುದು ಬರೀ ಕೊಡುವುದಕ್ಕೆ ಅಂತ ಅಂದುಕೊಳ್ಳಬೇಡಿ. ಸಮಾರ್ಯದ ಹೆಂಗಸಿನ ಹತ್ತಿರ ಯೇಸು ಮಾತು ಶುರು ಮಾಡಿದ್ದು ಹೇಗೆ? ಕುಡಿಯಲು ನೀರು ಕೇಳಿ. ಬಾಯಾರಿದವನು ಕೇಳಿದ, ಕೊಡ ಇದ್ದವಳು ಕೊಡುವವಳಾದಳು. ನೀವೂ ಏನಾದರೂ ಕೇಳಿ. ದಾರಿ ಕೇಳಿ, ಸೊಪ್ಪಿನ ಹೆಸರು ಕೇಳಿ, ಮಗುವನ್ನು ಮಲಗಿಸುವ ಹಾಡು ಹೇಳಿಕೊಡಿ ಅಂತ ಕೇಳಿ.

ಒಂದು ಗಂಭೀರ ಸೂಚನೆ ಕೂಡ. ನೀವು ನರ್ಸ್. ಹಾಸಿಗೆ ಮೇಲೆ ಮಲಗಿ ನಿಮ್ಮ ಕೈಯಲ್ಲಿರುವ ಸೂಜಿಯನ್ನೇ ನೋಡುತ್ತಿರುವ ಮನುಷ್ಯನಿಗೆ "ಬೇಡ" ಅನ್ನುವ ಶಕ್ತಿ ಇರುವುದಿಲ್ಲ. ಆ ಹೊತ್ತಿನಲ್ಲಿ ಮತದ ಮಾತು ಎತ್ತಬೇಡಿ. ಅವರೇ ಕೇಳಿದರೆ ಹೇಳಿ. ವಾಸಿಯಾಗಿ ಮನೆಗೆ ಹೋದ ಮೇಲೆ, ಅವರ ಅಂಗಳದಲ್ಲಿ, ಅವರು ಎದ್ದು ಹೋಗಬಹುದಾದ ಜಾಗದಲ್ಲಿ ಮಾತಾಡಿ. ಒಡಿಶಾದಲ್ಲಿ 1967ರಲ್ಲೇ ಮತಾಂತರದ ಬಗ್ಗೆ ಕಾನೂನು ಬಂದಿದೆ. ಒತ್ತಾಯ, ಆಮಿಷ, ಮೋಸ ಅದರಲ್ಲಿ ಅಪರಾಧ. ಹೋದ ತಕ್ಷಣ ಅಲ್ಲಿನ ಹಿರಿಯ ಸೇವಕರ ಹತ್ತಿರ ಕೂತು ನಿಯಮಗಳನ್ನು ಸರಿಯಾಗಿ ತಿಳಿದುಕೊಳ್ಳಿ. ಆದರೆ ಕಾನೂನು ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಮತ್ತೆ, ಅಲ್ಲಿ ಸಭೆ, ಅಂದರೆ ವಿಶ್ವಾಸಿಗಳ ಸಮುದಾಯ, ಮೊದಲೇ ಇದೆ ಅನ್ನುವುದನ್ನು ಮರೆಯಬೇಡಿ. ಉತ್ತರ ಜರ್ಮನಿಯ ಬ್ರೆಕ್ಲುಮ್ ಮಿಷನ್ನಿನವರು 1882ರಲ್ಲೇ ಆ ಕಡೆ ಬಂದಿದ್ದರು. ನೀವು ಮೊದಲಿಗರಲ್ಲ. ಆ ಊರಿನ ವಿಶ್ವಾಸಿ ಹೆಂಗಸರ ಹಿಂದೆ ನಡೆಯಿರಿ.

ಪ್ರಶ್ನೆ: ನಮ್ಮ ಸಭೆಯವರು ಎರಡು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಸ್ ಮಾಡಿಕೊಂಡು ಬೇರೆ ಜಿಲ್ಲೆಯ ಹಳ್ಳಿಗಳಿಗೆ ಹೋಗುತ್ತೇವೆ. ಮೈಕ್, ಕರಪತ್ರ, ಕೊನೆಗೆ ಅಕ್ಕಿ ಮೂಟೆ ಹಂಚುತ್ತೇವೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಹಿರಿಯರು "ಹೋಗಿ ಸಾರಿರಿ ಅಂತ ಆಜ್ಞೆ ಇದೆ, ಪ್ರಶ್ನೆ ಮಾಡಬೇಡ" ಅನ್ನುತ್ತಾರೆ. ನಾನು ತಪ್ಪಾ?

ಉತ್ತರ: ನೀವು ತಪ್ಪಲ್ಲ. ಮನಸ್ಸು ಒಪ್ಪದಿರುವುದಕ್ಕೆ ಕಾರಣ ಇದೆ.

ಸಾರಿರಿ ಅನ್ನುವ ಆಜ್ಞೆ ನಿಜ, ನಾನೂ ಅದನ್ನು ನಂಬಿ ಬದುಕಿದವಳು. ಆದರೆ ಒಂದೇ ಚೀಲದಲ್ಲಿ ಅಕ್ಕಿ ಮತ್ತು ಕರಪತ್ರ ಹಾಕಿ ಕೊಟ್ಟರೆ ತೆಗೆದುಕೊಳ್ಳುವವರಿಗೆ ಅದು ಏನಾಗಿ ಕಾಣುತ್ತದೆ? ಹಸಿದವನಿಗೆ ಅಕ್ಕಿ ಕೊಡಬೇಕು, ಖಂಡಿತ ಕೊಡಬೇಕು. ಅವನು ಯಾವ ದೇವರಿಗೆ ಕೈ ಮುಗಿದರೂ ಕೊಡಬೇಕು, ನಮ್ಮ ಮಾತು ಕೇಳದೆ ಎದ್ದು ಹೋದರೂ ಕೊಡಬೇಕು. ಮಾತು ಕೇಳಲು ಕೂತವರಿಗೆ ಮಾತ್ರ ಮೂಟೆ ಅಂದರೆ ಅದು ವ್ಯಾಪಾರ. ನಿಮ್ಮ ಹಿರಿಯರಿಗೆ ಮೃದುವಾಗಿ, ಆದರೆ ನೇರವಾಗಿ ಇದನ್ನು ಹೇಳಿ.

ಈ ವಿಷಯ ಹಳೆಯದು. 1834ರ ಅಕ್ಟೋಬರ್‌ನಲ್ಲಿ ಹೆಬಿಕ್, ಲೇನರ್, ಗ್ರೈನರ್ ಅಂತ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ನಂತರದ ವರ್ಷಗಳಲ್ಲಿ ಅವರ ಮಾತು ನಂಬಿ ಬಂದವರಲ್ಲಿ ಬಿಲ್ಲವರು ಜಾಸ್ತಿ. ಶೇಂದಿ ಇಳಿಸುವ ಕೆಲಸ ಬಿಡಬೇಕು ಅಂತ ಮಿಷನ್ ಹೇಳಿತು. ಜಾತಿಯವರು ದೂರ ಮಾಡಿದರು, ಗೇಣಿಗೆ ಭೂಮಿ ಕೊಡುತ್ತಿದ್ದ ಒಡೆಯರು ಬಿಡಿಸಿದರು. ಇವರು ತಿನ್ನುವುದೇನು? ಹಾಗೆ ನೇಯ್ಗೆ ಶುರುವಾಯಿತು, ಪ್ರೆಸ್ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಅಂತ ಇಡೀ ದೇಶಕ್ಕೆ ಗೊತ್ತಾದದ್ದು ಅಲ್ಲಿಂದ. ನಮ್ಮ ಅಜ್ಜನ ತಲೆಮಾರಿನ ಎಷ್ಟೋ ಮನೆಗಳು ಆ ಕಾರ್ಖಾನೆಯ ಕೂಲಿಯಲ್ಲಿ ನಡೆದವು. ಅದಕ್ಕೆ ನಾನು ಕೃತಜ್ಞಳು. ಆದರೆ ಅದರಿಂದ ಒಂದು ತೊಡಕೂ ಆಯಿತು. ಪ್ರಾರ್ಥನೆ ಮಾಡಿಸುವವರೂ ಸಂಬಳ ಕೊಡುವವರೂ ಒಬ್ಬರೇ ಆದರೆ, ಜನ ಮನಸ್ಸು ಬಿಚ್ಚಿ "ಇಲ್ಲ" ಅನ್ನುವುದು ಹೇಗೆ? ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ನರನ್ನು ಹೊರಗೆ ಹಾಕಿ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು. ಧಣಿಗಳು ಹೋದರೂ ಸಭೆ ಉಳಿಯಿತು. ಹಂಚಿಗಾಗಿ ನಂಬಿದವರಲ್ಲ ಇವರು ಅಂತ ಆಗ ಗೊತ್ತಾಯಿತು. ಅಲ್ಲಿಯವರೆಗೆ ಈ ಜನ ಎಷ್ಟು ಅನುಮಾನದ ಮಾತು ಕೇಳಿರಬೇಕು ಯೋಚಿಸಿ. ನಿಮ್ಮ ಅಕ್ಕಿ ಮೂಟೆ ಆ ಹಳ್ಳಿಯ ಹೊಸ ವಿಶ್ವಾಸಿಯ ಮೇಲೆ ಅದೇ ಅನುಮಾನವನ್ನು ಹೊರಿಸುತ್ತದೆ. ನೀವು ಸಂಜೆ ಬಸ್ ಹತ್ತುತ್ತೀರಿ. "ಎಷ್ಟು ಕೊಟ್ರು ನಿಂಗೆ?" ಅನ್ನುವ ಮಾತನ್ನು ವರ್ಷಗಟ್ಟಲೆ ಕೇಳಬೇಕಾದವನು ಅಲ್ಲೇ ಇರುತ್ತಾನೆ.

ಮೈಕ್ ಬಗ್ಗೆ ಒಂದೇ ಮಾತು: ಮೈಕ್‌ಗೆ ಕಿವಿ ಇಲ್ಲ. ತಾಂಡಾದ ಪಕ್ಕದ ಊರಲ್ಲಿ ನಾನು ಒಮ್ಮೆ ಕಳೆದುಹೋದ ಕುರಿಯ ಕಥೆ ಹೇಳುತ್ತಿದ್ದೆ. ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಹುಡುಕಿಕೊಂಡು ಹೋದ ಅಂದೆ. ಕಂಬಳಿ ಹೊದ್ದು ಕೂತಿದ್ದ ಒಬ್ಬ ಹಿರಿಯ, ಜೀವಮಾನವೆಲ್ಲ ಕುರಿ ಕಾಯ್ದವನು, ನಡುವೆ ಕೇಳಿದ: "ಆ ತೊಂಬತ್ತೊಂಬತ್ತನ್ನ ಯಾರ ಕೈಗೆ ಒಪ್ಪಿಸಿ ಹೋದ್ನವ್ವಾ? ತೋಳ ಬರೂದಿಲ್ಲೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವನೇ ಹೇಳಿದ, ನೂರು ಕುರಿ ಅಂದರೆ ಒಬ್ಬನೇ ಕಾಯುವುದಿಲ್ಲ, ಜೊತೆಗಾರರು ಇದ್ದೇ ಇರುತ್ತಾರೆ, ಅವರ ಮೇಲೆ ನಂಬಿಕೆ ಇಟ್ಟು ಹೋಗಿರುತ್ತಾನೆ. ಆ ಕಥೆಯಲ್ಲಿ ಜೊತೆಗಾರರೂ ಇರಬಹುದು ಅಂತ ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ನನ್ನ ಕೈಯಲ್ಲಿ ಮೈಕ್ ಇದ್ದಿದ್ದರೆ ಅವನ ಪ್ರಶ್ನೆ ನನಗೆ ಕೇಳಿಸುತ್ತಲೇ ಇರಲಿಲ್ಲ.

ಬಸ್ಸಿನ ಖರ್ಚು ಲೆಕ್ಕ ಹಾಕಿ. ವರ್ಷಕ್ಕೆ ಆರು ಬಸ್. ಆ ಹಣದಲ್ಲಿ ಒಬ್ಬರು ಅಲ್ಲೇ ಬಾಡಿಗೆ ಮನೆ ಮಾಡಿ ಇರಬಹುದು. ಬೇಕಿರುವುದು ಅದು.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಶಿರಸಿಯವನು, ಹೆಂಡತಿಯ ಸ್ನೇಹಿತೆಯ ಮನೆಯಲ್ಲಿ ನಿಮ್ಮ ಪತ್ರಿಕೆ ಓದುತ್ತೇನೆ. ನೇರವಾಗಿ ಕೇಳುತ್ತೇನೆ. ನಿಮ್ಮ ನಂಬಿಕೆ ನಿಮಗೆ, ನಮ್ಮದು ನಮಗೆ ಅಂತ ಇರಬಾರದಾ? ಒಳ್ಳೆಯ ಕೆಲಸ ಮಾಡಿ, ಸಾಕು. ಹೇಳುವುದು ಯಾಕೆ?

ಉತ್ತರ: ನೇರವಾಗಿ ಕೇಳಿದ್ದಕ್ಕೆ ಧನ್ಯವಾದ. ನೇರವಾಗಿಯೇ ಹೇಳುತ್ತೇನೆ.

ನನ್ನ ಬದುಕಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಕ್ರಿಸ್ತನದು. ಅದನ್ನು ಮುಚ್ಚಿಟ್ಟುಕೊಂಡು ನಿಮ್ಮ ಜೊತೆ ಸ್ನೇಹ ಮಾಡಿದರೆ ಅರ್ಧ ಸ್ನೇಹ ಮಾಡಿದ ಹಾಗೆ. ನಿಮಗೆ ನಿಮ್ಮ ಮನೆದೇವರ ಜಾತ್ರೆಗೆ ನನ್ನನ್ನು ಕರೆಯಬೇಕು ಅನ್ನಿಸುವುದಿಲ್ಲವೇ? ಹಾಗೆ. ಹೇಳುವುದು ಬೇರೆ, ಎಳೆಯುವುದು ಬೇರೆ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ. ಪ್ರಚಾರ ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಲ್ಲ ಅಂತ ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಅದನ್ನು ಒಪ್ಪದ ಕ್ರೈಸ್ತರು ಇದ್ದಾರೆ. ನನಗಂತೂ ಅದರಿಂದ ಕಷ್ಟವಾಗಿಲ್ಲ, ಯಾಕೆಂದರೆ ಒಬ್ಬರ ಮನಸ್ಸು ತಿರುಗಿಸುವುದು ನನ್ನ ಕೈಯಲ್ಲಿದೆ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ನಾನು ಹೇಳಬಹುದು. ನೀವು ಬೇಡ ಅನ್ನಬಹುದು. ಬೇಡ ಅಂದಮೇಲೂ ನಿಮ್ಮ ಮನೆಯ ಕಷಾಯಕ್ಕೆ ನಾನು ಬರಬೇಕು, ನೀವು ನಮ್ಮ ಕ್ರಿಸ್ಮಸ್ಸಿಗೆ ಬರಬೇಕು.

ನಿಮ್ಮ ಪ್ರಶ್ನೆಯ ಹಿಂದೆ ಒಂದು ನೋವು ಇದೆ ಅಂತ ನನಗೆ ಅನ್ನಿಸುತ್ತದೆ, ಅದನ್ನು ದಾಟಿಕೊಂಡು ಹೋಗಲಾರೆ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದಾಗ ಊರೇ ಕದಲಿಹೋಯಿತು. ಅವರು ಮುಂದೆ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ಬಂದರು. ನಮ್ಮ ಸಭೆಗಳಲ್ಲಿ ಅವರ ಧೈರ್ಯದ ಕಥೆ ಹೇಳುತ್ತೇವೆ. ಆದರೆ ಆ ಮನೆಯಲ್ಲಿ ಉಳಿದವರ ಕಥೆ ನಾವು ಹೇಳುವುದಿಲ್ಲ. ಮಗ ಕಣ್ಣೆದುರೇ ಇದ್ದೂ ಇಲ್ಲದ ಹಾಗಾದಾಗ ಆ ತಾಯಿಗೆ ಏನಾಗಿರಬೇಕು? ನಾವು ಆ ಕಡೆಗೂ ನೋಡಬೇಕು. ಇವತ್ತು ಯಾರಾದರೂ ಹುಡುಗ ನನ್ನ ಹತ್ತಿರ ಬಂದು "ನಾನು ನಂಬಿದ್ದೇನೆ" ಅಂದರೆ ನಾನು ಹೇಳುವ ಮೊದಲ ಮಾತು, "ಅಮ್ಮನಿಗೆ ಹೇಳಿದೆಯಾ? ಮುಚ್ಚಿಡಬೇಡ, ಮನೆ ಬಿಡಬೇಡ, ಮೊದಲಿಗಿಂತ ಚೆನ್ನಾಗಿ ಅವರನ್ನು ನೋಡಿಕೋ."

ಪ್ರಶ್ನೆ: ಬೇರೆ ಸಂಸ್ಕೃತಿಯವರಿಗೆ ಸುವಾರ್ತೆ ಹತ್ತಿರವಾಗಲಿ ಅಂತ ಆರಾಧನೆಯಲ್ಲಿ ದೀಪ, ಆರತಿ, ಡೊಳ್ಳು, ಹಲಗೆ ಬಳಸಬಹುದಾ? ನಮ್ಮ ಯುವಕರ ಗುಂಪಿನಲ್ಲಿ ಜಗಳವೇ ಆಗಿದೆ. (ಧಾರವಾಡದ ಓದುಗ)

ಉತ್ತರ: ಬಳಸಬಹುದು. ಆದರೆ ತೀರ್ಮಾನ ನಿಮ್ಮದಲ್ಲ.

ಸುವಾರ್ತೆ ಸಾರಲು ಹೋದ ಪೌಲ ಗ್ರೀಕರ ಅಥೇನೆ ಊರಿನಲ್ಲಿ ಬಾಯಿ ತೆರೆಯುವ ಮೊದಲು ಊರೆಲ್ಲ ಸುತ್ತಿ ನೋಡಿದ, ಅವರ ಕವಿಯ ಮಾತನ್ನೇ ಎತ್ತಿ ಹೇಳಿದ. ಮಹಾರಾಷ್ಟ್ರದಲ್ಲಿ ಕವಿ ನಾರಾಯಣ ವಾಮನ ಟಿಳಕರು ಕ್ರಿಸ್ತನ ಬಗ್ಗೆ ಅಭಂಗಗಳನ್ನು, ಅಂದರೆ ಅಲ್ಲಿನ ಸಂತರ ಧಾಟಿಯ ಭಕ್ತಿಗೀತೆಗಳನ್ನು, ಬರೆದರು, ಮರಾಠಿ ಸಭೆಗಳು ಇವತ್ತಿಗೂ ಅವರ ಹಾಡು ಹಾಡುತ್ತವೆ. ಟಿಳಕರಿಗೆ ಅದು ಉಪಾಯವಾಗಿರಲಿಲ್ಲ, ಅವರ ಉಸಿರೇ ಅಭಂಗ. ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ಮೇಲೂ ಅವರು ಸಸ್ಯಾಹಾರ ಬಿಡಲಿಲ್ಲ. ಅದೂ ಯಾರೋ ಹೊರಗಿನವರು ಹೇಳಿಕೊಟ್ಟದ್ದಲ್ಲ.

ಹಲಗೆಯ ವಿಷಯ ಬೇರೆ. ನಗರದ ನಮಗೆ ಹಲಗೆಯ ಸದ್ದು ಅಂದರೆ ಜಾನಪದ, ಮೈ ಜುಮ್ಮೆನ್ನುತ್ತದೆ. ಆದರೆ ಅಪ್ಪ, ಅಜ್ಜ ಬಲವಂತಕ್ಕೆ ಊರ ಸಾವಿಗೆಲ್ಲ ಹಲಗೆ ಬಡಿದು ಹೊಸಿಲಾಚೆ ನಿಂತು ಕೂಳು ತೆಗೆದುಕೊಂಡು ಬಂದ ಮನೆಯ ಮಗನಿಗೆ, ಅದೇ ಹಲಗೆಯನ್ನು ಚರ್ಚಿನೊಳಗೆ ಕೊಟ್ಟು "ಬಾರಿಸು, ಇದು ನಿನ್ನ ಸಂಸ್ಕೃತಿ" ಅಂದರೆ ಹೇಗಿರುತ್ತದೆ? ಕೆಲವರು ಹೆಮ್ಮೆಯಿಂದ ಎತ್ತಿಕೊಳ್ಳುತ್ತಾರೆ. ಇನ್ನು ಕೆಲವರು "ಇದನ್ನು ಬಿಡಲೆಂದೇ ನಾನು ಬಂದದ್ದು" ಅನ್ನುತ್ತಾರೆ. ಎರಡೂ ಸರಿ. ಯಾರ ಕೈಯಲ್ಲಿ ಅದರ ಗುರುತು ಇದೆಯೋ ಅವರೇ ಹೇಳಲಿ. ನಿಮ್ಮ ಯುವಕರ ಗುಂಪಿನಲ್ಲಿ ಅಂಥವರು ಎಷ್ಟು ಜನ ಇದ್ದಾರೆ? ಅವರು ಮಾತಾಡುವವರೆಗೆ ಉಳಿದವರು ಜಗಳ ನಿಲ್ಲಿಸಿ.

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇರುವ ಕನ್ನಡ ಕುಟುಂಬ. ಇಲ್ಲಿನ ಚರ್ಚುಗಳು ಬಹುಪಾಲು ಖಾಲಿ. ಜೊತೆ ಕೆಲಸ ಮಾಡುವವರಿಗೆ ನಂಬಿಕೆ ಅಂದರೆ ಅಜ್ಜಿಕಾಲದ ವಿಷಯ. ನಾವು ಏನು ಮಾಡಬಹುದು?

ಉತ್ತರ: ನೀವಿರುವ ಊರಿನಿಂದ ಬ್ರಾಕೆನ್‌ಹೈಮ್ ದೂರವಿಲ್ಲ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ ಊರು ಅದು. ಕಿಟೆಲ್ ತೀರಿಕೊಂಡ ಟ್ಯೂಬಿಂಗೆನ್ ಕೂಡ ಹತ್ತಿರವೇ. ಒಂದು ಭಾನುವಾರ ಜೊತೆ ಕೆಲಸದವರನ್ನು ಕರೆದುಕೊಂಡು ಹೋಗಿ ಬನ್ನಿ. "ನಿಮ್ಮ ಊರಿನ ಈ ಮನುಷ್ಯ ನಮ್ಮ ಭಾಷೆಯ ಮೊದಲ ಪತ್ರಿಕೆ ತಂದರು, ನಮ್ಮ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿದರು" ಅಂತ ಹೇಳಿ. ಅವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಯಾಕೆ ಹೋದರು ಅಂತ ಅವರೇ ಕೇಳುತ್ತಾರೆ. ಉತ್ತರ ನಿಮ್ಮ ಹತ್ತಿರ ಇದೆ. ವಾಪಸ್ ಬಂದು ಬಿಸಿಬೇಳೆಬಾತ್ ಬಡಿಸಿ, ಊಟಕ್ಕೆ ಮೊದಲು ನೀವು ಮನೆಯಲ್ಲಿ ಮಾಡುವ ಪ್ರಾರ್ಥನೆಯನ್ನು ಎಂದಿನ ಹಾಗೆ ಕನ್ನಡದಲ್ಲೇ ಮಾಡಿ. ಅವರಿಗಾಗಿ ಉದ್ದ ಮಾಡಬೇಡಿ.

ಪ್ರಶ್ನೆ: ನಾನು ಕರ್ನಾಟಕದ ಹೊರಗೆ ಏಳು ವರ್ಷದಿಂದ ಸೇವೆಯಲ್ಲಿದ್ದೇನೆ. ಒಬ್ಬರೂ ನಂಬಿ ಬಂದಿಲ್ಲ. ಕಳಿಸಿದವರು ಪ್ರತಿ ಮೂರು ತಿಂಗಳಿಗೆ ಎಷ್ಟು ಜನ ಅಂತ ಸಂಖ್ಯೆ ಕೇಳುತ್ತಾರೆ. ಸುಳ್ಳು ಬರೆಯಲಾರೆ. ವಾಪಸ್ ಬಂದುಬಿಡಲಾ?

ಉತ್ತರ: ಸುಳ್ಳು ಬರೆಯಲಾರೆ ಅಂದಿರಲ್ಲ, ಅದನ್ನು ಓದಿ ಪತ್ರವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದೆ.

ವಿ. ಎಸ್. ಅಜರಯ್ಯ ಅಂತ ತಿರುನೆಲ್ವೇಲಿಯ ತಮಿಳರು. 1909ರಲ್ಲಿ ತಮ್ಮ ಜನ, ತಮ್ಮ ಭಾಷೆ ಬಿಟ್ಟು ನಿಜಾಮರ ಸೀಮೆಯ ದೋರ್ನಕಲ್‌ಗೆ, ತೆಲುಗರ ನಡುವೆ ಹೋದರು. ತೆಲುಗು ಮೊದಲಿನಿಂದ ಕಲಿತರು. ಮಾರನೆಯ ವರ್ಷ, 1910ರಲ್ಲಿ, ಎಡಿನ್‌ಬರೋದ ದೊಡ್ಡ ಮಿಷನ್ ಸಮ್ಮೇಳನದಲ್ಲಿ ಪಾಶ್ಚಾತ್ಯ ಮಿಷನರಿಗಳ ಎದುರು ನಿಂತು ಮಾತಾಡಿದರು. ನೀವು ಬಡವರಿಗೆ ಆಸ್ತಿ ಕೊಟ್ಟಿದ್ದೀರಿ, ನಿಮ್ಮ ದೇಹವನ್ನೇ ಕೊಟ್ಟಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ನೂರು ವರ್ಷ ದಾಟಿದರೂ ಆ ಮಾತು ಹಳೆಯದಾಗಿಲ್ಲ. ನಿಮಗೆ ಅಲ್ಲಿ ಸ್ನೇಹಿತರಿದ್ದಾರಾ? ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಏನೂ ಇಲ್ಲ. ಮುಂದಿನ ವರದಿಯಲ್ಲಿ ಸಂಖ್ಯೆಯ ಜಾಗದಲ್ಲಿ ಸೊನ್ನೆ ಬರೆಯಿರಿ, ಕೆಳಗೆ ಆ ಮೂರು ತಿಂಗಳಲ್ಲಿ ನೀವು ಯಾರ ಮನೆಯಲ್ಲಿ ಉಂಡಿರಿ, ಯಾರು ನಿಮ್ಮ ಮನೆಯಲ್ಲಿ ಉಂಡರು ಅಂತ ಬರೆಯಿರಿ. ಆ ಪಟ್ಟಿಯೂ ಖಾಲಿ ಇದ್ದರೆ ಆಗ ಯೋಚಿಸಬೇಕು.

ನಾನು ಒಂಬತ್ತು ವರ್ಷ ಇದ್ದೆ. ಮೊದಲ ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ನಾಟಕಕ್ಕೆ ಎಲ್ಲ ತಯಾರಿ ಮಾಡಿ ನೋಡಿದರೆ ತಾಂಡಾದಲ್ಲಿ ಜನವೇ ಇಲ್ಲ. ದೀಪಾವಳಿ ಮುಗಿಸಿ ಎಲ್ಲರೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಮುದುಕರು, ಹಾಸ್ಟೆಲ್ ಮಕ್ಕಳು, ನಾಯಿಗಳು ಉಳಿದಿದ್ದವು. ನನ್ನ ಕ್ಯಾಲೆಂಡರ್ ಬೇರೆ, ಅವರ ಬದುಕಿನ ಕ್ಯಾಲೆಂಡರ್ ಬೇರೆ ಅಂತ ಅರ್ಥವಾಗಲು ಅಷ್ಟು ಕಾಲ ಬೇಕಾಯಿತು. ಆ ವರ್ಷ ನಾಟಕ ಬಿಟ್ಟು ಮುದುಕರ ಜೊತೆ ಕೂತೆ. ಆ ಬಾಟಿ ಕೊಟ್ಟ ಅಜ್ಜಿಯ ಪರಿಚಯ ಆದದ್ದು ಹಾಗೆ. ನಾನು ಹೊರಟು ಬರುವಾಗ ಆಕೆ ಕ್ರೈಸ್ತಳಾಗಿರಲಿಲ್ಲ, ಕೊನೆಯವರೆಗೂ ಆಗಲಿಲ್ಲ. ನಾನು ಯೇಸುವಿನ ಬಗ್ಗೆ ಹೇಳಿದ್ದನ್ನು ಪ್ರತಿಯೊಂದನ್ನೂ ಕೇಳಿದ್ದಳು, ಪ್ರಶ್ನೆ ಕೇಳಿದ್ದಳು, ಲಂಬಾಣಿಗಳ ಗುರು ಸೇವಾಲಾಲರ ಕಥೆಗಳನ್ನು ನನಗೆ ಹೇಳಿದ್ದಳು.

ಹೋದ ವರ್ಷ ಆಕೆಯ ಮೊಮ್ಮಗಳ ಮದುವೆಗೆ ಕರೆ ಬಂತು. ಹಾಸ್ಟೆಲ್‌ನಲ್ಲಿ ನನ್ನ ಹತ್ತಿರ ಅ ಆ ಇ ಈ ಕಲಿತ ಹುಡುಗಿ. ಬಸ್ಸಿನಲ್ಲಿ ಹನ್ನೆರಡು ಗಂಟೆ ಕೂತು ಹೋದೆ. ಅವರ ಶಾಸ್ತ್ರ ಎಲ್ಲ ಮುಗಿದ ಮೇಲೆ ಹುಡುಗಿಯ ತಾಯಿ ಬಂದು ನನ್ನ ಕೈ ಹಿಡಿದು, "ಟೀಚರ್, ಯಾಡಿ ಇದ್ದಿದ್ದರೆ ಕೇಳ್ತಿದ್ದಳು, ನಿಮ್ಮ ದೇವರಿಗೂ ಒಂದು ಮಾತು ಹೇಳಿ" ಅಂದಳು. ಯಾಡಿ ಅಂದರೆ ಅಮ್ಮ. ಹುಡುಗಿಯ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದೆ, ಅರ್ಧ ಅವರ ಭಾಷೆಯಲ್ಲಿ, ಮಾತು ಸಿಗದ ಕಡೆ ಕನ್ನಡದಲ್ಲಿ. ನನ್ನ ಹಳೆಯ ವರದಿಗಳಲ್ಲಿ ಇದನ್ನು ಬರೆಯುವ ಜಾಗ ಇರಲಿಲ್ಲ.

ನೀವು ಈ ತಿಂಗಳೇ ರಾಜೀನಾಮೆ ಬರೆಯಬೇಡಿ. ದಣಿದಿದ್ದೀರಿ, ಅದು ಪತ್ರದಲ್ಲೇ ಕಾಣುತ್ತದೆ. ಒಂದು ತಿಂಗಳು ರಜೆ ಕೇಳಿ ಊರಿಗೆ ಬನ್ನಿ, ಅಮ್ಮನ ಕೈಯ ಊಟ ಮಾಡಿ, ನಿದ್ದೆ ಮಾಡಿ. ಬರುವ ಮೊದಲು ಅಲ್ಲಿ ನಿಮ್ಮ ಪಕ್ಕದ ಮನೆಯವರಿಗೆ ಹೇಳಿ ಬನ್ನಿ, ಮನೆಯ ಬೀಗದ ಕೈ ಅವರ ಹತ್ತಿರವೇ ಕೊಟ್ಟು ಬನ್ನಿ. ವಾಪಸ್ ಹೋದಾಗ ಬೀಗ ತೆರೆಯಲು ಅವರ ಬಾಗಿಲಿಗೇ ಮೊದಲು ಹೋಗಬೇಕಲ್ಲ, ಅಲ್ಲಿ ಏನು ಮಾತಾಯಿತು ಅಂತ ನನಗೆ ಬರೆಯಿರಿ.